ಒಮಾನಿನ ಕಲ್ಲು, ಹಮೀದನ ಹಿಂದಿನ ಚಕ್ರ

ಮಸ್ಕತ್: ಟಯರಿನ ಹಾಲು

ನನ್ನ ಪೆಟ್ಟಿಗೆ ಹಾಲು ಸುರಿಸಿಕೊಂಡು ಬಂತು.

ಮಸ್ಕತ್ ವಿಮಾನ ನಿಲ್ದಾಣದಲ್ಲಿ, ಸಾಮಾನು ಬರುವ ಬೆಲ್ಟಿನ ಮೇಲೆ ಬೇರೆಯವರ ಸೂಟ್‌ಕೇಸುಗಳು ಮರ್ಯಾದೆಯಿಂದ ತಿರುಗುತ್ತಿದ್ದವು. ಅವುಗಳ ನಡುವೆ ಸೈಕಲ್ ತುಂಬಿದ ನನ್ನ ರಟ್ಟಿನ ಪೆಟ್ಟಿಗೆ. ಒಂದು ಮೂಲೆ ಪೂರ್ತಿ ಒದ್ದೆ, ಅಲ್ಲಿಂದ ಬಿಳಿ ಹನಿ. ಕಸ್ಟಮ್ಸ್ ಅಧಿಕಾರಿ ಬೆರಳಿನಿಂದ ಮುಟ್ಟಿದ, ಮೂಸಿದ, ಆಮೇಲೆ ನನ್ನ ಮುಖ ನೋಡಿದ.

"ಹಾಲು," ಎಂದೆ ಹಿಂದಿಯಲ್ಲಿ. "ಟಯರಿನ ಹಾಲು."

ಟಯರಿಗೆ ಹಾಲು ಕುಡಿಸುವ ದೇಶ ಯಾವುದಪ್ಪಾ ಎಂಬ ಹಾಗೆ ಅವನು ಪೆಟ್ಟಿಗೆ ಬಿಚ್ಚಿಸಿದ. ಒಳಗೆ ಚಕ್ರದ ಕಡ್ಡಿಗಳ ನಡುವೆ ಒತ್ತಾಗಿ ತುರುಕಿದ್ದ ಕೋರಿರೊಟ್ಟಿಯ ಪ್ಯಾಕೆಟ್ಟುಗಳೆಲ್ಲ ಬಿಳಿ ಬಣ್ಣ ಬಳಿದುಕೊಂಡು ಕೂತಿದ್ದವು. ಒಂದನ್ನು ಎತ್ತಿ ಬೆಳಕಿಗೆ ಹಿಡಿದ. ತೆಳ್ಳಗೆ, ಗರಿಗರಿ, ಕೋಳಿ ಸಾರು ಹೊಯ್ದುಕೊಂಡು ತಿನ್ನುವ ಅಕ್ಕಿಯ ಹಾಳೆ ಎಂದು ವಿವರಿಸುವಷ್ಟು ಹಿಂದಿ ನನ್ನಲ್ಲಿ ಇರಲಿಲ್ಲ. "ಇದೂ ಟಯರಿಗಾ?" ಎಂದು ಕೇಳಿದ. ಪ್ಯಾಕೆಟ್ ಒರೆಸಿ, ಒಡೆದು, ಒಂದು ಚೂರು ನಾನು ತಿಂದೆ, ಒಂದು ಚೂರು ಅವನಿಗೆ ಕೊಟ್ಟೆ. ಅಗಿದು ನೋಡಿ, ಯಾವ ಅಭಿಪ್ರಾಯವನ್ನೂ ಕೊಡದೆ ಹೋಗಲು ಬಿಟ್ಟ.

ಸೈಕಲ್ ಒಯ್ಯುವ ಆಸೆಯುಳ್ಳವರಿಗೆ ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಈಗಿನ ಬೆಟ್ಟದ ಸೈಕಲುಗಳ ಟಯರಿನೊಳಗೆ ಟ್ಯೂಬ್ ಇರುವುದಿಲ್ಲ. ಟಯರಿನ ಅಂಚು ರಿಮ್ಮನ್ನು ಕಚ್ಚಿ ಹಿಡಿದು ಗಾಳಿಯನ್ನು ಕಾಯುತ್ತದೆ. ಒಳಗೆ ರಬ್ಬರ್ ಹಾಲಿನಂಥ ಒಂದು ದ್ರವ ಹೊಯ್ದಿರುತ್ತಾರೆ, ಸೀಲೆಂಟ್ ಎನ್ನುತ್ತಾರೆ. ಮುಳ್ಳು ಚುಚ್ಚಿದರೆ ಅದು ತೂತಿಗೆ ಓಡಿ ಹೋಗಿ ಹೆಪ್ಪುಗಟ್ಟಿ ಮುಚ್ಚುತ್ತದೆ. ವಿಮಾನದಲ್ಲಿ ಗಾಳಿ ಬಿಡಿ ಎನ್ನುತ್ತಾರೆ. ನಾನು ಪೂರ್ತಿ ಬಿಟ್ಟೆ. ಅಂಚು ಕಳಚಿತು, ಹಾಲು ಚೆಲ್ಲಿತು. ಅರ್ಧ ಬಿಡಿ, ಇಲ್ಲವೇ ಮನೆಯಲ್ಲೇ ಸೀಲೆಂಟ್ ತೆಗೆದು ಒರೆಸಿ ಒಯ್ಯಿರಿ. ಸೈಕಲಿನ ಬಿಡಿಭಾಗಗಳ ಅಂಗಡಿ ಇಟ್ಟವನಿಗೆ ಇಷ್ಟೂ ಗೊತ್ತಿರಲಿಲ್ಲವೇ ಎಂದರೆ, ಗೊತ್ತಿತ್ತು. ಹೊರಡುವ ದಿನ ನನ್ನ ಗಮನವೆಲ್ಲ ತೂಕದ ಮೇಲಿತ್ತು.

ತೂಕದ ಕಥೆ ಹೀಗೆ. ನನ್ನ ಗೆಳೆಯ ಹಮೀದನಿಗೆಂದು ಕಲ್ಲಿನ ದಾರಿಗೆ ಸರಿಯಾದ ಒಂದು ಜೊತೆ ಗಟ್ಟಿ ಟಯರುಗಳನ್ನು ಅಂಗಡಿಯಿಂದಲೇ ಆರಿಸಿ ತೆಗೆದಿಟ್ಟಿದ್ದೆ. ಅವನ ಹೆಂಡತಿ ಜುಬೈದಾ ಫೋನಿನಲ್ಲಿ ಕೋರಿರೊಟ್ಟಿ ಕೇಳಿದ್ದಳು. ಮಂಗಳೂರು ವಿಮಾನ ನಿಲ್ದಾಣದ ತಕ್ಕಡಿ ಎರಡಕ್ಕೂ ಒಪ್ಪಲಿಲ್ಲ. ಕೌಂಟರಿನ ಹುಡುಗಿಯ ಹತ್ತಿರ ನನ್ನ ಚೌಕಾಶಿಯ ವಿದ್ಯೆಯನ್ನೆಲ್ಲ ಖರ್ಚು ಮಾಡಿ ನೋಡಿದೆ. ಅವಳು ನಗುತ್ತಲೇ ಇದ್ದಳು, ತಕ್ಕಡಿಯ ಅಂಕಿ ಮಾತ್ರ ಇಳಿಯಲಿಲ್ಲ. ಕೊನೆಗೆ ಒಂದು ಟಯರನ್ನು ಹೊರಗೆ ತೆಗೆದು ನನ್ನನ್ನು ಬಿಡಲು ಬಂದಿದ್ದ ರಿಕ್ಷಾದವನ ಕೈಯಲ್ಲಿ ವಾಪಸ್ ಕಳಿಸಿದೆ. ರೊಟ್ಟಿ ತೆಗೆಯಬಹುದಿತ್ತಲ್ಲ ಎಂದು ಕೇಳುವವರು ಗಲ್ಫಿನಲ್ಲಿರುವ ಮಂಗಳೂರಿನವರ ಮನೆಗೆ ಬರಿಗೈಯಲ್ಲಿ ಹೋಗಿ ನೋಡಬೇಕು.

ಹಾಗೆ ಹಮೀದನ ಪಾಲಿಗೆ ಬಂದದ್ದು ಒಂದೇ ಟಯರ್. ಇದನ್ನು ನೆನಪಿಟ್ಟುಕೊಳ್ಳಿ.

ನಿಜ್ವಾ: ಜುಬೈದಕ್ಕನ ಷರತ್ತು

ಹಮೀದ ಇರುವುದು ನಿಜ್ವಾದಲ್ಲಿ, ಮಸ್ಕತ್ತಿನಿಂದ ಒಳನಾಡಿಗೆ, ಹಜರ್ ಪರ್ವತದ ಕಾಲ ಬುಡದಲ್ಲಿ. ಹಾರ್ಡ್‌ವೇರ್ ಅಂಗಡಿಯೊಂದನ್ನು ನೋಡಿಕೊಳ್ಳುತ್ತಾ ಅವನ ಹರೆಯವೆಲ್ಲ ಅಲ್ಲೇ ಕಳೆದಿದೆ. ಬರುವ ತಿಂಗಳು ಗಂಡ ಹೆಂಡತಿ ಇಬ್ಬರೂ ಊರಿಗೆ ವಾಪಸ್, ಕಾಯಂ ಆಗಿ.

ನಮ್ಮ ಗೆಳೆತನ ಮಂಗಳೂರಿನ ಬಂದರ್‌ನದ್ದು. ಅವನ ಅಪ್ಪನ ಗೋಡೌನಿನಲ್ಲಿ ಕ್ಯಾರಿಯರ್ ಸೈಕಲ್ ತುಳಿದು ಅಂಗಡಿ ಅಂಗಡಿಗೆ ಮಾಲು ಮುಟ್ಟಿಸುವ ಕೆಲಸದಿಂದ ಶುರು ಮಾಡಿದವ ನಾನು. ಧಣಿಯ ಮಗನಾದರೂ ಹಮೀದನಿಗೆ ಗಲ್ಲಾಪೆಟ್ಟಿಗೆಯ ಹತ್ತಿರ ಕೂರುವುದೆಂದರೆ ಬೇಸರ. ಸಂಜೆ ಗೋಡೌನಿನ ಬಾಗಿಲು ಹಾಕಿದ ಕೂಡಲೇ ಎರಡು ಸೈಕಲ್ ಎಳೆದುಕೊಂಡು ಕೂಳೂರಿನ ಹೊಳೆಯ ಸಂಕ ದಾಟಿ ಪಣಂಬೂರಿನ ಕಡಲ ತೀರಕ್ಕೆ ಹೋಗುವುದು, ಹೊರಗೆ ಲಂಗರು ಹಾಕಿದ ಹಡಗುಗಳನ್ನು ನೋಡುತ್ತಾ ಮರಳಿನಲ್ಲಿ ಬಿದ್ದುಕೊಳ್ಳುವುದು. ಯಾವ ಹಡಗು ಎಲ್ಲಿಗೆ ಹೋಗುತ್ತದೆಂದು ಪಂಥ ಕಟ್ಟುತ್ತಿದ್ದೆವು. ಇಬ್ಬರಿಗೂ ಗೊತ್ತಿಲ್ಲದ್ದರಿಂದ ಯಾರೂ ಸೋಲುತ್ತಿರಲಿಲ್ಲ. ಬರುವಾಗ ಒಂದಲ್ಲ ಒಂದು ಸೈಕಲ್ ಪಂಕ್ಚರ್. ಆಗೆಲ್ಲ ಮನೆ ಮುಟ್ಟುವ ದಾರಿ ಒಂದೇ: ಹಾಳಾದದ್ದನ್ನು ದೂಡಿಕೊಂಡು ಇಬ್ಬರೂ ನಡೆಯುವುದು. ಸರಿ ಇದ್ದ ಸೈಕಲ್ ಹತ್ತಿ ಮುಂದೆ ಹೋದವರು ನಮ್ಮಿಬ್ಬರಲ್ಲಿ ಯಾರೂ ಇಲ್ಲ. ಆಮೇಲೆ ಅವನು ಗಲ್ಫಿಗೆ ಹಾರಿದ. ನಾನು ಊರಿನಲ್ಲೇ, ಜೆಪ್ಪುವಿನಲ್ಲಿ ಅಂಗಡಿ ಹಾಕಿದೆ. ಪಣಂಬೂರಿಗೆ ಒಬ್ಬನೇ ಹೋಗಿ ನೋಡಿದ್ದುಂಟು. ಹಡಗುಗಳೇನೋ ಇದ್ದವು.

ಕೆಲವು ವರ್ಷದ ಹಿಂದೆ ಅವನು ರಜೆಯಲ್ಲಿ ಬಂದಾಗ ನನ್ನ ಅಂಗಡಿಯಿಂದ ಒಂದು ಬೆಟ್ಟದ ಸೈಕಲ್ ಒಯ್ದ. ಅದೇ ಮಾದರಿಯ ಇನ್ನೊಂದನ್ನು ನಾನು ಇಟ್ಟುಕೊಂಡೆ. "ಊರಿಗೆ ಬಂದ ಮೇಲೆ ಬೆಳಿಗ್ಗೆ ಬೆಳಿಗ್ಗೆ ಪಣಂಬೂರಿಗೆ, ಆಯ್ತಾ?" ಎಂದಿದ್ದ. ಆ ಮಾತನ್ನು ಅವನಿಗಿಂತ ಗಟ್ಟಿಯಾಗಿ ಹಿಡಿದುಕೊಂಡು ಕೂತವ ನಾನು.

ಇದಕ್ಕೆ ಅಡ್ಡ ಬಂದದ್ದು ಕಳೆದ ವರ್ಷದ ಬೀಳುವಿಕೆ. ಬೆಟ್ಟದಲ್ಲಿ ಒಬ್ಬನೇ ಹೋಗಿದ್ದ ಹಮೀದ ಇಳಿಜಾರಿನಲ್ಲಿ ಮುಂದಿನ ಚಕ್ರ ಜಾರಿ ಬಿದ್ದು ಭುಜದ ಮೂಳೆ ಮುರಿದುಕೊಂಡಿದ್ದ. ಫೋನಿಗೆ ಸಿಗ್ನಲ್ ಇಲ್ಲದ ಜಾಗ. ಕುರಿ ಕಾಯುವವರು ಕಾಣುವ ತನಕ ಬಿಸಿಲಿನಲ್ಲಿ ಬಿದ್ದಿದ್ದನಂತೆ. ಜುಬೈದಾ ಅವತ್ತೇ ತೀರ್ಮಾನ ಮಾಡಿದ್ದಳು: ಊರಿಗೆ ಹೊರಡುವ ಸಾಮಾನಿನಲ್ಲಿ ಸೈಕಲ್ ಇಲ್ಲ.

"ಜಗಣ್ಣ, ನೀವು ಬಂದದ್ದು ಭಾರೀ ಖುಷಿ," ಎಂದಳು ಊಟ ಬಡಿಸುತ್ತಾ. "ಆದರೆ ಆ ಸೈಕಲಿನ ಸುದ್ದಿ ಎತ್ತಬೇಡಿ. ನಾನು ಊರಿಗೆ ಕರೆದುಕೊಂಡು ಹೋಗಬೇಕಾದ್ದು ಗಂಡನನ್ನು, ಮೂಳೆಯ ಚೀಲವನ್ನಲ್ಲ."

ಹಮೀದ ರೊಟ್ಟಿಯ ಮೇಲೆ ಇನ್ನಷ್ಟು ಸಾರು ಹೊಯ್ದುಕೊಂಡ. ನಾವು ಮೂವರೂ ಮಾತಾಡುವುದು ತುಳುವಿನಲ್ಲಿ. ಅದನ್ನು ಇಲ್ಲಿ ನಮ್ಮ ಕಡೆಯ ಕನ್ನಡಕ್ಕೆ ಇಳಿಸಿದ್ದೇನೆ.

ವ್ಯಾಪಾರದಲ್ಲಿ ನಾನು ಕಲಿತದ್ದೇನೆಂದರೆ, ಆಗುವುದಿಲ್ಲ ಎಂದವರ ಹತ್ತಿರ ಆಗುತ್ತದೆ ಎಂದು ವಾದ ಮಾಡಬಾರದು. ಎಷ್ಟರ ಮಟ್ಟಿಗೆ ಆಗುವುದಿಲ್ಲ ಎಂದು ಕೇಳಬೇಕು.

"ಜುಬೈದಕ್ಕ, ಭಯ ಬೀಳುವುದರದ್ದಾ, ಒಬ್ಬನೇ ಬೀಳುವುದರದ್ದಾ?"

"ಒಬ್ಬರೇ ಬಿದ್ದು ಯಾರಿಗೂ ಗೊತ್ತಾಗದೆ ಇರುವುದರದ್ದು."

"ಊರಿನಲ್ಲಿ ನಾನು ಜೊತೆಗೆ ಇರ್ತೇನೆ."

"ನೀವಿಬ್ಬರೂ ಜೊತೆಗೆ ಬಿದ್ದರೆ?"

ಈ ದಾರಿಯಲ್ಲಿ ಮುಂದೆ ಹೋಗಲು ಆಗುವುದಿಲ್ಲ ಎಂದು ಬೇರೆ ಬಾಗಿಲು ತಟ್ಟಿದೆ. ಹಮೀದನಿಗೆ ಒಂದು ಆಸೆ ಉಳಿದಿತ್ತು: ಬೆಟ್ಟದ ಮೇಲಿನ ಹಳೆಯ ಕತ್ತೆ ದಾರಿಯನ್ನು ಒಮ್ಮೆ ಪೂರ್ತಿ ದಾಟಿ, ಆಚೆ ಬದಿಯ ವಾದಿಗೆ ಇಳಿಯುವುದು. ವಾದಿ ಎಂದರೆ ಮಳೆ ಬಂದರೆ ಮಾತ್ರ ಹರಿಯುವ ಒಣ ಹೊಳೆ. ಕಳೆದ ವರ್ಷ ಬಿದ್ದದ್ದು ಇದೇ ದಾರಿಯ ನಡುವೆ. "ಒಂದೇ ಒಂದು ಸವಾರಿ. ನಾನು ಜೊತೆಗೆ. ದಾಟಿ ತೋರಿಸಿದರೆ ಸೈಕಲ್ ಊರಿಗೆ. ಆಗದಿದ್ದರೆ ನಾನೇ ಬಿಚ್ಚಿ ಇಲ್ಲಿ ಮಾರಿ ಹೋಗ್ತೇನೆ."

ಜುಬೈದಾ ಕೋಳಿ ಸಾರಿನ ಪಾತ್ರೆಯ ಮುಚ್ಚಳ ಹಾಕಿದಳು. "ಯಾವ ಗಾಡಿಯನ್ನೂ ಹತ್ತಬಾರದು. ನನಗೆ ಫೋನ್ ಮಾಡಿ ಜೀಪ್ ಕಳಿಸು ಅನ್ನಬಾರದು. ದಾರಿಯಲ್ಲಿ ಸಿಕ್ಕಿದ ಪಿಕಪ್ ಆಗಬಾರದು. ಹತ್ತಿದರೆ ಸೈಕಲ್ ಇಲ್ಲೇ."

"ಒಪ್ಪಿದೆ. ಆದರೆ ಇಲ್ಲಿ ಉಳಿಯುವುದು ಹತ್ತಿದವನ ಸೈಕಲ್ ಮಾತ್ರ," ಎಂದು ನನ್ನ ಕಡೆಯಿಂದ ಒಂದು ಗೆರೆ ಸೇರಿಸಿದೆ.

ಅವಳು ನನ್ನ ಮುಖ ನೋಡಿದಳು. "ಆಯ್ತು. ಹಾಗಾದರೆ ಅದು ನಿಮಗೂ ಲಾಗು."

ನಿಜ್ವಾ, ಮರುದಿನ: ಮುಂದಾ, ಹಿಂದಾ

ಬೆಳಿಗ್ಗೆ ಹಮೀದ ನನ್ನನ್ನು ಕೋಟೆಯ ಹತ್ತಿರದ ಆಡಿನ ಸಂತೆಗೆ ಕರೆದುಕೊಂಡು ಹೋದ. ನಮ್ಮೂರಿನ ಧಕ್ಕೆಯಲ್ಲಿ, ಬೋಟುಗಳು ಬಂದು ನಿಲ್ಲುವ ಕಟ್ಟೆಯಲ್ಲಿ, ಮೀನು ಏಲಂ ಆಗುವಾಗ ಮೀನು ಸುಮ್ಮನೆ ಬಿದ್ದಿರುತ್ತದೆ, ಜನ ಕೂಗುತ್ತಾರೆ. ಇಲ್ಲಿ ಜನ ಸುಮ್ಮನೆ ಕೂರುತ್ತಾರೆ, ಆಡುಗಳು ಕೂಗುತ್ತಾ ಅವರ ಮುಂದೆ ಸುತ್ತು ಬರುತ್ತವೆ. ಬೇಕಾದವರು ಕೈ ಎತ್ತಿ ನಿಲ್ಲಿಸುತ್ತಾರೆ, ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ. ಪಕ್ಕದಲ್ಲಿದ್ದ ಮುದುಕರೊಬ್ಬರಿಗೆ ಯಾವ ಆಡು ಒಳ್ಳೆಯದೆಂದು ಕೈಸನ್ನೆಯಲ್ಲಿ ಸಲಹೆ ಕೊಡಲು ಹೊರಟೆ. ಹಮೀದ ನನ್ನ ಕೈ ಹಿಡಿದು ಕೆಳಗೆ ಮಾಡಿದ. "ಕೈ ಎತ್ತಬೇಡ ಮಾರಾಯ, ಆಡು ಕಟ್ಟಿ ಕೊಡ್ತಾರೆ."

ಮನೆಗೆ ಬಂದು ಅಂಗಳದಲ್ಲಿ ಸೈಕಲ್ ಬಿಚ್ಚಿದೆವು. ಹಮೀದನ ಟಯರಿನೊಳಗೆ ಹಾಲೇ ಇರಲಿಲ್ಲ. ಒಣಗಿ, ಚೂರು ಚೂರು ರಬ್ಬರ್ ಸಿಪ್ಪೆಯಾಗಿ ಗೋಡೆಗೆ ಅಂಟಿತ್ತು. ನಮ್ಮೂರಿನ ಗಾಳಿಯಲ್ಲಿ ಸೀಲೆಂಟ್ ತಿಂಗಳುಗಟ್ಟಲೆ ಹಸಿಯಾಗಿರುತ್ತದೆ. ಅಲ್ಲಿ ಒಗೆದ ಬಟ್ಟೆ ಹಗ್ಗದ ಮೇಲೆ ಹಾಕುವಷ್ಟರಲ್ಲಿ ಒಣಗುತ್ತದೆ, ಟಯರಿನ ಹಾಲು ಉಳಿದೀತೇ? ಒಣ ದೇಶದಲ್ಲಿ ಸವಾರಿ ಮಾಡುವವರು ಪ್ರತಿ ದೊಡ್ಡ ಸವಾರಿಗೆ ಮೊದಲು ಚಕ್ರವನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಬೇಕು. ಎಳನೀರಿನ ಹಾಗೆ ಕುಲುಕಿದರೆ ಸರಿ, ಇಲ್ಲದಿದ್ದರೆ ಹೊಯ್ಯಿರಿ.

ಟಯರ್ ಆರಿಸುವ ಬಗ್ಗೆ ಅಂಗಡಿಗೆ ಬಂದವರಿಗೆ ನಾನು ಹೇಳುವುದನ್ನೇ ಇಲ್ಲಿಯೂ ಹೇಳುತ್ತೇನೆ. ಎಲ್ಲರೂ ಮೊದಲು ನೋಡುವುದು ಮೇಲಿನ, ನೆಲ ಕಚ್ಚುವ ರಬ್ಬರ್ ಬಟನುಗಳನ್ನು, ಅವು ಎಷ್ಟು ಎತ್ತರ, ಎಷ್ಟು ಚಂದ ಎಂದು. ಕಲ್ಲಿನ ದಾರಿಯಲ್ಲಿ ಟಯರ್ ಸಾಯುವುದು ಮೇಲಿನಿಂದಲ್ಲ, ಪಕ್ಕದಿಂದ. ಆದ್ದರಿಂದ ಪಕ್ಕದ ಗೋಡೆಯನ್ನು ಎರಡು ಬೆರಳಲ್ಲಿ ಹಿಡಿದು ಮಡಚಿ ನೋಡಿ. ಕಾಗದದ ಹಾಗೆ ಮಡಚಿದರೆ ಬೇಡ. ಹಳೆಯ ಚಪ್ಪಲಿಯ ಹಾಗೆ ಮುನಿಸು ತೋರಿಸಿ ಮಡಚಬೇಕು. ಒಳಗೆ ಎರಡು ಪದರ ಬಟ್ಟೆ ಇರುವುದೇ ಹಾಗೆ ಮಾಡುವುದು. ಅದು ಭಾರ ಇರುತ್ತದೆ, ಏರು ದಾರಿಯಲ್ಲಿ ಶಪಿಸುತ್ತೀರಿ, ಶಪಿಸಿ. ಸ್ವಲ್ಪ ಅಗಲದ್ದನ್ನೇ ತೆಗೆದುಕೊಳ್ಳಿ, ಕಡಿಮೆ ಗಾಳಿಯಲ್ಲಿ ಓಡುತ್ತದೆ. ನಮ್ಮವರಿಗೆ ಗಾಳಿ ಎಂದರೆ ಕಲ್ಲಿನ ಹಾಗೆ ತುಂಬಿಸುವ ಚಟ, ಹಿಂದೆ ಇಬ್ಬರನ್ನು ಕೂರಿಸಿಕೊಂಡು ಹೋಗುವ ಕಾಲದ್ದು. ಗಟ್ಟಿ ತುಂಬಿದ ಟಯರ್ ಕಲ್ಲಿನ ಜೊತೆ ಜಗಳ ಮಾಡುತ್ತದೆ. ಮೆತ್ತಗಿದ್ದದ್ದು ಕಲ್ಲನ್ನು ನುಂಗಿ ಮುಂದೆ ಹೋಗುತ್ತದೆ. ಎರಡರಲ್ಲಿ ಒಂದೇ ಒಳ್ಳೆಯದನ್ನು ಕೊಳ್ಳಲು ಸಾಧ್ಯವಾದರೆ ಅದನ್ನು ಹಿಂದೆ ಹಾಕಿ. ಮೈಭಾರ ಕೂರುವುದು ಅಲ್ಲಿ, ಕಲ್ಲು ಕೊಯ್ಯುವುದು ಅಲ್ಲಿ.

ಹಮೀದನ ಜೊತೆ ಜಗಳ ಶುರುವಾದದ್ದು ಇಲ್ಲಿಂದ.

"ಮುಂದೆ ಹಾಕು," ಎಂದ.

"ಹಿಂದೆ ಹಾಕಬೇಕು ಹಮೀದ."

"ನಾನು ಬಿದ್ದದ್ದು ಮುಂದಿನ ಚಕ್ರ ಜಾರಿ."

"ಜಾರಿದ್ದು ಬೇರೆ, ಕೊಯ್ಯುವುದು ಬೇರೆ. ನಿನ್ನ ಹಿಂದಿನ ಟಯರ್ ನೋಡು, ಹಪ್ಪಳದ ಹಾಗೆ ಉಂಟು."

"ಇನ್ನೊಂದು ಎಲ್ಲಿ? ಒಂದು ಜೊತೆ ಅಂದಿದ್ದಿಯಲ್ಲ?"

"ಇನ್ನೊಂದನ್ನು ನೀನು ನಿನ್ನೆ ಕೋಳಿ ಸಾರಿನ ಜೊತೆ ತಿಂದೆ."

ಅವನು ನಗಲಿಲ್ಲ. ಎಡಗೈಯಿಂದ ಭುಜ ಸವರಿಕೊಳ್ಳುತ್ತಿದ್ದ. "ಜಗ್ಗ, ಇಳಿಜಾರಿನಲ್ಲಿ ಮುಂದಿನ ಚಕ್ರದ ಮೇಲೆ ಧೈರ್ಯ ಇಲ್ಲದಿದ್ದರೆ ನನಗೆ ಇಳಿಯಲಿಕ್ಕೇ ಆಗುದಿಲ್ಲ. ಅಲ್ಲೇ ಕೂತುಬಿಡ್ತೇನೆ."

ಭಯಕ್ಕೆ ಚೌಕಾಶಿ ನಡೆಯುವುದಿಲ್ಲ. ನನ್ನ ಹಿಂದಿನದ್ದನ್ನು ಅವನಿಗೆ ಕೊಟ್ಟು ಅವನ ಹಳೆಯದನ್ನು ನಾನು ಹಾಕಿಕೊಳ್ಳುತ್ತೇನೆಂದೆ. "ನಿನ್ನ ತೂಕಕ್ಕೆ ಆ ಹಪ್ಪಳ ಮನೆಯ ಗೇಟು ದಾಟುದಿಲ್ಲ," ಎಂದ. ಅದೂ ಸರಿ, ನಾನು ಅವನ ಒಂದೂವರೆ ಪಾಲು. ಹೊಸ ಟಯರನ್ನು ಮುಂದೆ ಹಾಕಿದೆವು. ನನ್ನ ಸೈಕಲಿಗೆ ಎರಡೂ ಕಡೆ ಗಟ್ಟಿ ಟಯರ್ ಮೊದಲೇ ಇತ್ತು. ನಿಜ್ವಾದಲ್ಲಿ ಸೀಲೆಂಟ್ ಬಾಟಲಿ ಸಿಕ್ಕಿತು, ಬೆಟ್ಟದ ಟಯರ್ ಸಿಗಲಿಲ್ಲ.

ಏರು ದಾರಿ

ಅದರ ಮರುದಿನ ಬೆಳಿಗ್ಗೆ ಬೆಟ್ಟದ ಈಚೆ ಬದಿಯಲ್ಲಿ ಟಾರು ಮುಗಿಯುವ ತನಕ ಜುಬೈದಾ ಕಾರಿನಲ್ಲಿ ತಂದು ಬಿಟ್ಟಳು. "ಈಗ ಹತ್ತಿದ್ದು ಲೆಕ್ಕಕ್ಕಿಲ್ಲ ಅಲ್ವಾ?" ಎಂದೆ. "ಇಳಿದ ಮೇಲೆ ಲೆಕ್ಕ," ಎಂದಳು. ಅವಳು ಸುತ್ತು ಬಳಸಿ ಬಂದು ಆಚೆ ಬದಿಯ ವಾದಿಯ ಬಾಯಿಯಲ್ಲಿ ಕಾಯುತ್ತಾಳೆ ಎಂದು ಮಾತಾಗಿತ್ತು. ಕಾರು ತಿರುಗಿಸುವಾಗ ಗಾಜು ಇಳಿಸಿ ಹಮೀದನಿಗೆ ಅವರ ಮನೆಮಾತು ಬ್ಯಾರಿ ಭಾಷೆಯಲ್ಲಿ ಏನೋ ಹೇಳಿದಳು. ಅವನು ಹೆಲ್ಮೆಟ್ಟಿನ ಪಟ್ಟಿಯನ್ನು ಇನ್ನೊಂದು ಚೂರು ಬಿಗಿ ಮಾಡಿದ.

ನಮ್ಮೂರಿನ ಮುರಕಲ್ಲು ಸಾಧು ಜಾತಿ. ಕೆಂಪು ಹತ್ತುತ್ತದೆ, ಚಕ್ರ ಹತ್ತಿದರೆ ಪುಡಿಯಾಗುತ್ತದೆ, ಬಿದ್ದರೆ ತರಚುತ್ತದೆ. ಹಜರಿನ ಕಲ್ಲು ಒಡೆದ ಪಿಂಗಾಣಿ. ಬೂದು ಬಣ್ಣ, ಅಂಚೆಲ್ಲ ಹರಿತ, ಚಕ್ರದಡಿ ಸಿಕ್ಕಿ ಹಾರಿದರೆ ಟಣ್ ಎಂದು ಪಾತ್ರೆಯ ಸದ್ದು. ಮರವಿಲ್ಲ, ನೆರಳಿಲ್ಲ. ಅಷ್ಟು ಬೋಳು ಬೆಟ್ಟದಲ್ಲಿ ಎಲ್ಲಿಂದಲೋ ನೀರಿನ ಸದ್ದು. ನೋಡಿದರೆ ಬಂಡೆಯ ಬದಿಯಲ್ಲಿ ಗೇಣಗಲದ ಕಾಲುವೆ, ಅದರಲ್ಲಿ ಕನ್ನಡಿಯಂಥ ನೀರು. ಕೆಳಗೆ ಹಳ್ಳಿಯ ದಾಳಿಂಬೆ ಗಿಡಗಳಿಗೆ ಸರದಿ ಪ್ರಕಾರ ಹೋಗುವುದಂತೆ. ಸುರಿಯುವ ಮಳೆಯ ನೀರನ್ನು ಚರಂಡಿಯಲ್ಲಿ ಸಮುದ್ರಕ್ಕೆ ಕಳಿಸಿ, ಬೇಸಗೆಯಲ್ಲಿ ಟ್ಯಾಂಕರಿಗೆ ಫೋನ್ ಮಾಡುವ ಊರಿನವನಾದ ನಾನು ಆ ಕಾಲುವೆಯ ಎದುರು ಹೆಚ್ಚು ಮಾತಾಡಲಿಲ್ಲ.

ಹಮೀದ ಮುಂದೆ, ನಾನು ಹಿಂದೆ. ಹತ್ತುವಾಗ ಅವನು ಹಳೆಯ ಅಭ್ಯಾಸದಂತೆ ಎಡ ಭುಜವನ್ನು ತುಸು ಇಳಿಸಿ ತುಳಿಯುತ್ತಾನೆ. ಗೋಡೌನಿನ ಸೈಕಲಿನ ಎಡ ಪೆಡಲ್ ಸೊಟ್ಟ ಇತ್ತು. ಆ ಸೈಕಲ್ ಗುಜರಿಗೆ ಹೋಗಿ ಎಷ್ಟು ಕಾಲವಾಯಿತೋ. ಅವನ ಬೆನ್ನಿಗೆ ಅದು ಇನ್ನೂ ಗೊತ್ತಿಲ್ಲ.

"ಉಸಿರು ಉಂಟಾ?" ಎಂದು ಕೂಗಿದೆ.

"ನಿನಗೆ ಕೂಗುವಷ್ಟು ಉಂಟಲ್ಲ, ಒಂದು ಚೂರು ಇತ್ತ ಕೊಡು!"

ಕಳೆದ ವರ್ಷ ಬಿದ್ದ ಜಾಗ ಬಂದಾಗ ಇಳಿದ. ಒಂದು ಸಣ್ಣ ಕಡಿದಾದ ಇಳಿಜಾರು, ಕೆಳಗೆ ಜಲ್ಲಿ. ಮುಂದಿನ ಟಯರನ್ನು ಹೆಬ್ಬೆರಳಿನಿಂದ ಒತ್ತಿ, ಮತ್ತೆ ಹತ್ತಿ, ಒಂದೇ ಉಸಿರಿನಲ್ಲಿ ಇಳಿದುಬಿಟ್ಟ. ಕೆಳಗಿನಿಂದ ಕೈ ಬೀಸಿದ. ಟಯರ್ ಮುಂದೆ ಹಾಕಿದ್ದೇ ಸರಿ ಎಂದು ಆಗ ನನಗೂ ಅನಿಸಿತು.

ಮೇಲಿನ ಬಯಲು

ಆ ಅನಿಸಿಕೆ ಹೆಚ್ಚು ಹೊತ್ತು ಉಳಿಯಲಿಲ್ಲ. ಬೆಟ್ಟದ ನೆತ್ತಿಯ ಬಯಲಿನಲ್ಲಿ, ಅಂಥ ಏರೂ ಇಳಿತವೂ ಇಲ್ಲದ ಕಡೆ, ಹಮೀದನ ಹಿಂದಿನ ಚಕ್ರ ಎರಡು ಕಲ್ಲುಗಳ ಸಂದಿಯಲ್ಲಿ ಉಜ್ಜಿಕೊಂಡು ದಾಟಿತು. ಚರ್ರ್ ಎಂಬ ಸದ್ದು, ಆಮೇಲೆ ಹಾಲಿನ ಚಿಲುಮೆ. ಸೀಲೆಂಟ್ ಅವನ ಕಾಲಿಗೆ, ನನ್ನ ಕನ್ನಡಕಕ್ಕೆ, ಕಲ್ಲಿಗೆ ಹಾರಿತು. ತೂತಾದರೆ ಅದು ಮುಚ್ಚುತ್ತಿತ್ತು. ಇದು ತೂತಲ್ಲ, ಪಕ್ಕದ ಗೋಡೆಯಲ್ಲಿ ಬಾಯಿ ತೆರೆದ ಕೊಯ್ತ. ತೂತಿಗೆ ತುರುಕುವ ರಬ್ಬರ್ ಎಳೆಗಳನ್ನು ಒಂದರ ಪಕ್ಕ ಒಂದು ತುರುಕಿ ನೋಡಿದೆ. ಗಾಳಿ ಹಾಕಿದ ಕೂಡಲೇ ಉಗುಳಿತು.

ಹಮೀದ ಹೆಲ್ಮೆಟ್ ತೆಗೆದು ಕಲ್ಲಿನ ಮೇಲೆ ಕೂತ. "ಮುಗಿಯಿತು. ಇಲ್ಲಿ ಸಿಗ್ನಲ್ ಉಂಟು, ಫೋನ್ ಮಾಡು."

"ಎಂತ ಮುಗಿಯುವುದು? ಚೀಲದಲ್ಲಿ ಟ್ಯೂಬ್ ಉಂಟು. ಸೂಜಿ ಉಂಟು. ಬಲೆ ನೂಲು ಉಂಟು."

"ಬಲೆ ನೂಲಾ?"

ನಾನು ದೂರದ ಸವಾರಿಗೆ ಬಲೆ ಹೊಲಿಯುವ ನೈಲಾನ್ ನೂಲು ಇಲ್ಲದೆ ಹೊರಡುವುದಿಲ್ಲ. ಚಪ್ಪಲಿ, ಚೀಲ, ಸೀಟು ಯಾವುದು ಹರಿದರೂ ಅದು ಆಗುತ್ತದೆ. ಹಮೀದನ ಮುಖದಲ್ಲಿ ಅವತ್ತು ಮೊದಲ ಬಾರಿಗೆ ಪಣಂಬೂರಿನ ಕಾಲದ ನಗು ಕಂಡಿತು. ಧಕ್ಕೆಯಲ್ಲಿ ಬಲೆ ಹೊಲಿಯುವವರ ನಡುವೆ ಕೂತು ಗಂಟು ಹಾಕಲು ಕಲಿತವ ಅವನು. ಮೀನಿನ ವಾಸನೆಯ ಕೈಯಲ್ಲಿ ಮನೆಗೆ ಹೋಗಿ ಅಮ್ಮನಿಂದ ಬೈಗುಳ ತಿನ್ನುತ್ತಿದ್ದ. "ಕೊಡು ಇತ್ತ. ನಿನ್ನ ಹೊಲಿಗೆಯಲ್ಲಿ ತಿಮಿಂಗಿಲವೂ ತಪ್ಪಿಸಿಕೊಳ್ತದೆ." ಕಾಲಿನ ನಡುವೆ ಟಯರ್ ಸಿಕ್ಕಿಸಿಕೊಂಡು, ಮೊಣಕಾಲಿಗೆ ನೂಲು ಸುತ್ತಿಕೊಂಡು, ಪ್ರತಿ ಹೊಲಿಗೆಗೂ ಒಂದು ಗಂಟು ಹಾಕುತ್ತಾ ಹೋದ. ಒಂದು ಹರಿದರೂ ಪಕ್ಕದ್ದು ಸಡಿಲವಾಗದ ಗಂಟು. ಅದಕ್ಕೆ ಬೆರಳಿನ ಕಡೆ ಕಣ್ಣು ಹಾಯಿಸುವುದೇ ಬೇಡ, ಬಾಯಿಗೆ ಪುರುಸೊತ್ತು. ಧಕ್ಕೆಯ ಯಾರು ಯಾರ ಮಗಳನ್ನು ಮದುವೆಯಾದ, ಯಾವ ಬೋಟು ಮುಳುಗಿತು, ಐಸ್ ಗಾಡಿಯ ಮೋನಪ್ಪಣ್ಣ ಈಗಲೂ ಇದ್ದಾನಾ. ಇಲ್ಲ ಎಂದೆ. ಸೂಜಿ ಒಂದು ಕ್ಷಣ ನಿಂತು ಮತ್ತೆ ಹೊರಟಿತು. ಅಂಥ ಬೋಳು ಬಯಲಿನಲ್ಲಿ, ನಾವಿಬ್ಬರು ಬಿಟ್ಟರೆ ಒಂದು ಹದ್ದು ಇದ್ದ ಜಾಗದಲ್ಲಿ, ನನಗೆ ಧಕ್ಕೆಯ ಬೆಳಗಿನ ಹೊತ್ತು ಪೂರ್ತಿ ಸಿಕ್ಕಿಬಿಟ್ಟಿತ್ತು.

ಹೊಲಿದದ್ದರ ಒಳಬದಿಗೆ ಚೀಲದಲ್ಲಿದ್ದ ಹಳೆಯ ಟಯರಿನ ಒಂದು ತುಂಡು ಒತ್ತು ಕೊಟ್ಟು, ಟ್ಯೂಬ್ ಹಾಕಿ, ಹದವಾಗಿ ಗಾಳಿ ತುಂಬಿದೆವು. ಬಯಲು ಪೂರ್ತಿ ದಾಟುವ ತನಕ ಅದು ನಿಂತಿತು. ಇಳಿಜಾರು ಶುರುವಾದಲ್ಲಿ ಕಲ್ಲು ನೂಲನ್ನು ಉಜ್ಜಿ ತಿಂದಿತು. ಢಮ್ ಎಂದಿತು. ನೋಡಿದರೆ ಕೊಯ್ತ ಹರಿದು ಹರಿದು ಅಂಚಿನ ತನಕ ಹೋಗಿದೆ. ಚೀಲದಲ್ಲಿ ಇನ್ನೊಂದು ಟ್ಯೂಬ್ ಇತ್ತು, ಅದನ್ನು ಕೂರಿಸಲು ಟಯರ್ ಇರಲಿಲ್ಲ.

ಹಮೀದ ಈ ಸಲ ಕೂರಲಿಲ್ಲ. ಹಾಳಾದ ಸೈಕಲನ್ನು ದೂಡಲು ಶುರು ಮಾಡಿದ. ದಾರಿ ಇನ್ನೂ ಬಹಳ ಇತ್ತು, ಬಿಸಿಲು ವಾಲಿತ್ತು, ನೀರು ತಳ ಕಂಡಿತ್ತು. ನಡೆದು ಕತ್ತಲಾಗುವುದರೊಳಗೆ ಮುಟ್ಟುವುದು ಆಗದ ಮಾತು. ಮುಟ್ಟದಿದ್ದರೆ ಜುಬೈದಾ ಜೀಪ್ ಕಳಿಸುವುದು ಖಂಡಿತ.

"ನಿಲ್ಲು," ಎಂದೆ. ನನ್ನ ಸೈಕಲನ್ನು ತಲೆಕೆಳಗೆ ಮಾಡಿ ಹಿಂದಿನ ಚಕ್ರದ ಆಕ್ಸಲ್ ಬಿಚ್ಚಿದೆ.

"ಎಂತ ಮಾಡ್ತಿ?"

"ಇದನ್ನು ಹಾಕಿಕೊ. ಎರಡೂ ಒಂದೇ ಮಾದರಿ, ಕೂರ್ತದೆ."

"ನೀನು?"

"ನಾನು ನಡೆದು ಬರ್ತೇನೆ. ಯಾವುದಾದರೂ ಗಾಡಿ ಸಿಕ್ಕಿದರೆ ಹತ್ತುತ್ತೇನೆ. ಹತ್ತಿದವನ ಸೈಕಲ್ ಮಾತ್ರ ಅಂತ ಮಾತಾಗಿದೆ."

"ಹಾಗಾದರೆ ನಿನ್ನದು ಹೋಗ್ತದಲ್ಲ!"

"ಹಮೀದ, ನನ್ನ ಅಂಗಡಿಯಲ್ಲಿ ಸೈಕಲ್ ಬೇಕಾದಷ್ಟು ಉಂಟು. ಬೆಳಿಗ್ಗೆ ಜೊತೆಗೆ ಬರುವವರು ಸ್ಟಾಕ್ ಇಲ್ಲ. ಆರ್ಡರ್ ಹಾಕಿ ತರಿಸುವ ಮಾಲೂ ಅಲ್ಲ."

ಅವನು ನನ್ನ ಚಕ್ರವನ್ನು ವಾಪಸ್ ನನ್ನ ಕಡೆಗೇ ದೂಡಿದ. ಸರಿ ಇದ್ದ ಸೈಕಲ್ ಹತ್ತಿ ಮುಂದೆ ಹೋಗುವುದು ಅವನಿಗೂ ಅಭ್ಯಾಸವಿಲ್ಲ. ಕೊನೆಗೆ ಬಗ್ಗಿ ತನ್ನ ಚಕ್ರ ಬಿಚ್ಚಿದ. ನನ್ನದು ಅವನ ಸೈಕಲಿಗೆ, ಹಾಳಾದದ್ದು ನನ್ನದಕ್ಕೆ. ಬ್ರೇಕಿನ ತಟ್ಟೆ ಕೂದಲೆಳೆಯಷ್ಟು ತಾಗುತ್ತಿತ್ತು, ಓಡುವುದಕ್ಕೆ ಅಡ್ಡಿ ಇಲ್ಲ. ಹತ್ತಿದವನು ಮುಂದೆ ಹೋಗಿಬಿಡಬೇಕಲ್ಲ? ಸ್ವಲ್ಪ ದೂರ ಹೋಗುವುದು, ತಿರುಗಿ ನನ್ನ ಹತ್ತಿರ ಬರುವುದು, ಮತ್ತೆ ಹೋಗುವುದು. "ಎಣ್ಣೆಗಾಣದ ಎತ್ತಿನ ಹಾಗೆ ಸುತ್ತಬೇಡ, ಹೋಗು ಮಾರಾಯ!" ಎಂದು ಗದರಿಸಬೇಕಾಯಿತು.

ಇಳಿಜಾರು: ಸಲೀಮರ ಪಿಕಪ್

ಕತ್ತೆ ದಾರಿ ಒಂದು ಜಲ್ಲಿ ರಸ್ತೆಗೆ ಸೇರುವಲ್ಲಿ ಹಿಂದಿನಿಂದ ಪಿಕಪ್ ಬಂತು. ಹಿಂಬದಿಯಲ್ಲಿ ಆಡುಗಳು. ಓಡಿಸುತ್ತಿದ್ದವರು ಬಿಳಿ ಗಡ್ಡದ ಒಮಾನಿ ಹಿರಿಯರು, ಹೆಸರು ಸಲೀಂ ಎಂದು ಆಮೇಲೆ ಗೊತ್ತಾಯಿತು. ನಿಲ್ಲಿಸಿದರು. ಏನಾಯಿತು, ಎಲ್ಲಿಗೆ ಎಂದು ಒಂದು ಮಾತೂ ಕೇಳಲಿಲ್ಲ. ಸೀಟಿನ ಕೆಳಗಿನಿಂದ ಫ್ಲಾಸ್ಕ್ ತೆಗೆದರು, ಹಿಡಿಯಿಲ್ಲದ ಪುಟ್ಟ ಬಟ್ಟಲಿಗೆ ಏಲಕ್ಕಿ ಪರಿಮಳದ ಕಾಫಿ ಬಗ್ಗಿಸಿದರು, ಖರ್ಜೂರದ ಡಬ್ಬಿ ಮುಂದಿಟ್ಟರು. ಕಾಫಿ ಕುಡಿಸುವ ಮೊದಲು ವಿಷಯ ಕೇಳುವುದು ಅಲ್ಲಿ ಮರ್ಯಾದೆಯಲ್ಲವಂತೆ. ನಮ್ಮಲ್ಲಿ ರಸ್ತೆ ಬದಿಯಲ್ಲಿ ಸೈಕಲ್ ನಿಲ್ಲಿಸಿದರೆ ಎಂತಾಯ್ತು ಎಂದು ಹತ್ತು ಜನ ಕೇಳುತ್ತಾರೆ, ಕುಡಿಯಲು ಕೊಡುವವರು ಹನ್ನೊಂದನೆಯವರು. ಬಟ್ಟಲು ಖಾಲಿಯಾದ ಹಾಗೆ ಮತ್ತೆ ತುಂಬಿಸುತ್ತಲೇ ಹೋದರು. ಸಾಕಾದರೆ ಬಟ್ಟಲನ್ನು ಸ್ವಲ್ಪ ಅಲ್ಲಾಡಿಸಿ ಕೊಡಬೇಕು ಎಂದು ನನಗೆ ಯಾರು ಹೇಳಬೇಕು? ಅಷ್ಟರಲ್ಲಿ ಹಮೀದ ಮತ್ತೊಂದು ಸುತ್ತು ಬಂದು ತಲುಪಿ ನನ್ನನ್ನು ಬಿಡಿಸಿದ.

ಸಲೀಂ ನನ್ನ ಸೈಕಲನ್ನು ಎತ್ತಿ ಆಡುಗಳ ನಡುವೆ ಮಲಗಿಸಿದರು. ಆಮೇಲೆ ಹಮೀದನ ಸೈಕಲಿಗೆ ಕೈ ಹಾಕಿದರು. ಹಮೀದ ಹಿಡಿದುಕೊಂಡ. ಅವರು ಎಳೆದರು. ಇವನು ಬಿಡಲಿಲ್ಲ. ಸಲೀಮರ ಮುಖ ಗಂಭೀರವಾಯಿತು. ಅರಬಿಯಲ್ಲಿ ಏನೋ ಹೇಳಿದರು, ನನ್ನ ಗಾಡಿ ನಿನಗೆ ಹಿಡಿಸಲಿಲ್ಲವೇ ಎಂಬ ಧಾಟಿ. ಅಲ್ಲಿ ಅಷ್ಟು ವರ್ಷ ಬಾಳಿದ ಹಮೀದನಿಗೆ ಆ ಬೇಡ ಎಂಬ ಮಾತಿನ ಭಾರ ಚೆನ್ನಾಗಿ ಗೊತ್ತಿತ್ತು. ಎದೆಯ ಮೇಲೆ ಕೈ ಇಟ್ಟುಕೊಂಡು ನಿಧಾನಕ್ಕೆ ಏನೇನೋ ವಿವರಿಸಿದ. ಸಲೀಂ ಕೇಳುತ್ತಾ ಹೋದರು, ಕೊನೆಗೆ ಆಡುಗಳೇ ಬೆಚ್ಚುವ ಹಾಗೆ ನಕ್ಕರು.

"ಎಂತ ಹೇಳಿದೆ?"

"ಹೆಂಡತಿಯ ಷರತ್ತು ಅಂದೆ."

"ಅವರೆಂತ ಹೇಳಿದರು?"

"ಹಾಗಾದರೆ ನಾನು ಹಿಂದಿನಿಂದಲೇ ಬರ್ತೇನೆ ಅಂದರು."

ಹಾಗೆಯೇ ಬಂದರು. ನಾನು ಅವರ ಪಕ್ಕದ ಸೀಟಿನಲ್ಲಿ. ಮುಂದೆ ಹಮೀದ. ಸಲೀಂ ಗೇರು ಬದಲಿಸದೆ, ಹಾರ್ನ್ ಹಾಕದೆ, ಅವನಿಗೆ ಧೂಳು ಕುಡಿಸದೆ, ಆ ಇಳಿಜಾರು ಪೂರ್ತಿ ನಡಿಗೆಯ ವೇಗದಲ್ಲಿ ಬೆಂಗಾವಲು ಕೊಟ್ಟರು. ಅವರಿಗೂ ಮನೆ ಇತ್ತು, ಆಡುಗಳಿಗೂ ಹಸಿವಾಗಿತ್ತು. ಕಲ್ಲು ಬಂದಾಗೆಲ್ಲ ಅವರು ಉಸಿರು ಬಿಗಿ ಹಿಡಿಯುತ್ತಿದ್ದರು, ಚಕ್ರ ದಾಟಿದ ಮೇಲೆ ಬಿಡುತ್ತಿದ್ದರು. ನಾನೂ ಹಾಗೆಯೇ. ಒಂದು ಕಡೆ ಹಿಂದಿನ ಟಯರ್ ಹರಿತದ ಕಲ್ಲಿನ ಮೇಲೆ ಹೊಟ್ಟೆ ಒತ್ತಿ ಬದಿಗೆ ಬಾಗಿದ್ದು ಮುಂದಿನ ಗಾಜಿನಿಂದ ಸ್ಪಷ್ಟ ಕಂಡಿತು. ನನ್ನ ಕಾಲು ತಾನಾಗಿ ಇಲ್ಲದ ಬ್ರೇಕು ಒತ್ತಿತು. ಟಯರ್ ಕಲ್ಲನ್ನು ನುಂಗಿ, ನೆಟ್ಟಗಾಗಿ, ಮುಂದೆ ಹೋಯಿತು. ಎರಡು ಪದರ ಎಂದರೆ ಅದು. ಎಡ ಭುಜ ತುಸು ಇಳಿಸಿದ ಆ ಬೆನ್ನನ್ನು ಅಷ್ಟು ಹೊತ್ತು, ಬೇರೆ ಕೆಲಸವಿಲ್ಲದೆ, ಸುಮ್ಮನೆ ಕೂತು ನೋಡಿ ಎಷ್ಟು ಕಾಲವಾಗಿತ್ತು! ಹಿಂದೆಲ್ಲ ಅದರ ಹಿಂದೆ ಕ್ಯಾರಿಯರಿನಲ್ಲಿ ಕೂತು ಶರ್ಟು ಹಿಡಿದುಕೊಂಡು ಹೋದದ್ದುಂಟು. ಈಗ ಹೆಲ್ಮೆಟ್ಟಿನ ಕೆಳಗೆ ಕಾಣುವ ಕೂದಲು ಪೂರ್ತಿ ಬೆಳ್ಳಗೆ.

ವಾದಿಯ ಬಾಯಿ

ಜುಬೈದಾ ಕಾರಿಗೆ ಒರಗಿ ನಿಂತಿದ್ದಳು. ಮೊದಲು ಹಮೀದ ಬಂದ. ತುಳಿದುಕೊಂಡೇ ಬಂದ, ಅವಳ ಕಾಲ ಬಳಿಯಲ್ಲಿ ಬ್ರೇಕು ಹಾಕಿದ. ಅವಳು ಅವನ ಭುಜ ನೋಡಿದಳು, ಮೊಣಕಾಲು ನೋಡಿದಳು, ನೀರಿನ ಬಾಟಲಿ ಕೈಗೆ ಕೊಟ್ಟಳು. ಹಿಂದಿನಿಂದ ಪಿಕಪ್ ನಿಂತು, ಬಾಗಿಲು ತೆರೆದು ನಾನು ಇಳಿದೆ, ಮೈತುಂಬ ಆಡಿನ ಕೂದಲು.

"ಜಗಣ್ಣ."

"ಹೇಳಿ ಜುಬೈದಕ್ಕ."

"ಎಂತ ಇದು?"

"ಗಾಡಿ ನಾವು ಕರೆದದ್ದಲ್ಲ. ಅದಾಗಿಯೇ ಬಂದದ್ದು. ಮತ್ತೆ ನನ್ನ ಸೈಕಲಿನ ಒಂದು ಚಕ್ರ ಪೂರ್ತಿ ದಾರಿ ದಾಟಿದೆ, ನೀವೇ ನೋಡಿ. ಆ ಲೆಕ್ಕದಲ್ಲಿ ಅರ್ಧ ಸೈಕಲ್ ಆದರೂ..."

"ಚೌಕಾಶಿ ಮುಗಿದಿದೆ ಜಗಣ್ಣ."

ಅವಳು ಸಲೀಮರ ಹತ್ತಿರ ಹೋಗಿ, ಆ ಸೈಕಲ್ ನೀವೇ ಇಟ್ಟುಕೊಳ್ಳಿ ಎಂದು ಅರಬಿಯಲ್ಲಿ ಹೇಳಿದಳು. ಅವರು ಮೊದಲು ಬೇಡವೆಂದರು, ಆಮೇಲೆ ನನ್ನನ್ನು ನೋಡಿದರು, ನಾನು ಎದೆಗೆ ಕೈ ಇಟ್ಟುಕೊಂಡೆ. ಬೇಡ ಎಂದರೆ ನನಗೂ ಬೇಸರವಾಗುತ್ತದೆಂದು ಅವರಿಗೆ ಅರ್ಥವಾಯಿತು. ಆಡುಗಳ ನಡುವೆ ಮಲಗಿದ್ದ ನನ್ನ ಸೈಕಲ್ ಹಾಗೆಯೇ ಅವರ ಹಳ್ಳಿಗೆ ಹೋಯಿತು. ಹಿಂದಕ್ಕೆ ಎಂಥ ಟಯರ್ ಹಾಕಬೇಕೆಂದು ಅವರ ಕಿಟಕಿಯಲ್ಲಿ ತಲೆ ಹಾಕಿ ಹೇಳಿಯೇ ಕಳಿಸಿದೆ.

ವಾಪಸ್ ಬರುವಾಗ ಕಾರು ಓಡಿಸುತ್ತಾ ಜುಬೈದಾ ಕನ್ನಡಿಯಲ್ಲಿ ನನ್ನನ್ನು ನೋಡಿದಳು. "ಹತ್ತಿದವನ ಸೈಕಲ್ ಮಾತ್ರ ಅಂತ ನೀವು ಸೇರಿಸುವಾಗಲೇ ನನಗೆ ಗೊತ್ತಿತ್ತು, ಗಾಡಿಯಲ್ಲಿ ಬರುವವರು ನೀವೇ ಅಂತ."

"ಗೊತ್ತಿದ್ದೂ ಒಪ್ಪಿದಿರಾ?"

"ಗೊತ್ತಿದ್ದದ್ದಕ್ಕೇ ಒಪ್ಪಿದ್ದು. ಇವರನ್ನು ಒಬ್ಬರೇ ಬಿಡುವವರಲ್ಲ ಅಂತ ಆಯ್ತಲ್ಲ."

ನಾನು ಶರ್ಟಿಗೆ ಅಂಟಿದ ಆಡಿನ ಕೂದಲು ಹೆಕ್ಕತೊಡಗಿದೆ. ಮುಂದಿನ ಸೀಟಿನಲ್ಲಿ ಹಮೀದ ಕಣ್ಣು ಮುಚ್ಚಿ ಒರಗಿದ್ದ. ನಿದ್ದೆ ಬಂದಿದೆ ಎಂದುಕೊಂಡೆ.

"ಜಗ್ಗ, ಆ ಹಿಂದಿನ ಚಕ್ರ ನಿನ್ನದಲ್ವಾ? ಊರಿಗೆ ಬಂದ ಮೇಲೆ ವಾಪಸ್ ಕೊಡಬೇಕಾ?"

"ಬೇಡ. ದಿನಾ ಬೆಳಿಗ್ಗೆ ಜೆಪ್ಪುವಿನಲ್ಲಿ ನನ್ನ ಗೇಟಿನ ಎದುರು ಬಂದು ನಿಂತರೆ ಸಾಕು."

"ದಿನಾ? ರಜೆ ಇಲ್ವಾ?"

"ಭಾನುವಾರ ಕೊಡ್ತೇನೆ."

"ನನಗೆ ಶುಕ್ರವಾರ ಬೇಕು."

"ಎರಡೂ ಆಗುದಿಲ್ಲ. ಒಂದು ಹೇಳು."

ಅವನು ಯೋಚಿಸತೊಡಗಿದ. ನಿಜ್ವಾ ಮುಟ್ಟುವ ತನಕವೂ ಯೋಚಿಸುತ್ತಲೇ ಇದ್ದ.